ಅರ್ನೆಸ್ಟೀನ್ ಅವರ ವಾಸನೆ ಕ್ಯಾಲೆಂಡರು

ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ದಿನ ಹ್ಯೂಸ್ಟನ್ನಿನ ಪಕ್ಕದ ಸ್ಟಾಫರ್ಡ್‌ನ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಮೈಸೂರಿನವಳು, ಇನ್ನೊಬ್ಬಳು ಮಂಗಳೂರಿನ ಕ್ರಿಶ್ಚಿಯನ್ ಮನೆಯವಳು. ಇಬ್ಬರೂ ಇಲ್ಲಿ ಪರಿಸರ ಇಂಜಿನಿಯರಿಂಗ್ ಓದಿ, ನಾನು ಮಾಡುತ್ತಿದ್ದಂಥ ಕೆಲಸಕ್ಕೇ ಸೇರಲಿದ್ದರು. ಮೈಸೂರಿನವಳು ಕೇಳಿದಳು: “ಆಂಟಿ, ಟ್ರೈನಿಂಗ್‌ನಲ್ಲಿ ರೂಲ್ಸ್ ಎಲ್ಲಾ ಹೇಳಿಕೊಡ್ತಾರೆ. ಆದ್ರೆ ಫೀಲ್ಡ್‌ಗೆ ಹೋದ್ಮೇಲೆ ನಿಜವಾಗ್ಲೂ ಏನ್ ಮಾಡ್ಬೇಕು?” ನಾನು ಎರಡು ಮಾತು ಹೇಳಿ, ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ, ನಾನು ಹೇಳಿದ್ದು ಉತ್ತರವೇ ಅಲ್ಲ ಅನ್ನಿಸಿತು. ಸರಿಯಾದ ಉತ್ತರ ಉದ್ದವಿದೆ, ಅದರೊಳಗೆ ನನ್ನ ಎರಡು ದೊಡ್ಡ ತಪ್ಪುಗಳೂ ಇವೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹ್ಯೂಸ್ಟನ್ನಿಗೆ ಬಂದು ಇನ್ನೊಂದು ಡಿಗ್ರಿ ಮಾಡಿ, ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ವಾಯುಮಾಲಿನ್ಯದ ಇನ್ಸ್‌ಪೆಕ್ಟರ್ ಆಗಿ ಸೇರಿದೆ. ಪದನಾಮ ದೊಡ್ಡದು, ಕೆಲಸ ಮಾತ್ರ ಮೂಸುವುದು. ಯಾರಾದರೂ ಫೋನ್ ಮಾಡಿ “ನಮ್ಮ ಬೀದಿಯಲ್ಲಿ ಕೆಟ್ಟ ವಾಸನೆ” ಎಂದರೆ ಕಚೇರಿಯ ಕಾರಿನಲ್ಲಿ ಅಲ್ಲಿಗೆ ಹೋಗಬೇಕು, ಗಾಳಿಗೆ ಮುಖಕೊಟ್ಟು ನಿಂತು ಉಸಿರೆಳೆಯಬೇಕು, ಫಾರಂ ತುಂಬಬೇಕು. ಫಾರಂನಲ್ಲಿ ವಾಸನೆಗೆ ಐದೇ ಚೌಕಗಳು: ರಾಸಾಯನಿಕ, ಕೊಳೆತ ಮೊಟ್ಟೆ, ಹೊಗೆ, ಚರಂಡಿ, ಇತರೆ. ಇನ್ಸ್‌ಪೆಕ್ಟರಿಗೆ ವಾಸನೆ ಬಂದರೆ ಅದು ಇದೆ. ಬರದಿದ್ದರೆ ‘ವಾಸನೆ ಇಲ್ಲ’ ಎಂದು ಬರೆದು ದೂರನ್ನು ಮುಕ್ತಾಯ ಮಾಡಬೇಕು.

ನನ್ನ ಮೇಲಧಿಕಾರಿ ಹ್ಯಾರಲ್ಡ್ ಎಂಬ ಎತ್ತರದ ಟೆಕ್ಸಾಸಿನ ಮನುಷ್ಯ. ನಿಯಮದ ಪುಸ್ತಕ ಯಾವಾಗಲೂ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಮೊದಲ ದಿನವೇ ಹೇಳಿದ್ದ: “ನೋಡು ನೀಲಾ, ಕೋರ್ಟಿನಲ್ಲಿ ನಿಲ್ಲೋದು ನಿನ್ನ ಮೂಗು. ಅವರ ಮೂಗಲ್ಲ.”

ಆಗ ನನಗೆ ಬರುತ್ತಿದ್ದ ದೂರುಗಳಲ್ಲಿ ಅರ್ಧಕ್ಕರ್ಧ ನಗರದ ಪೂರ್ವ ದಿಕ್ಕಿನ ಒಂದೇ ಬಡಾವಣೆಯಿಂದ. ಹಡಗು ಕಾಲುವೆಗೆ ಹತ್ತಿರ, ಮರದ ಸಣ್ಣ ಮನೆಗಳು, ಮುಂದೆ ಜಗಲಿ. ಹಳಬರು ಕಪ್ಪು ಜನರು, ಹೊಸಬರು ಮೆಕ್ಸಿಕೋದಿಂದ ಬಂದವರು. ಬೀದಿಯ ತುದಿಯಲ್ಲಿ ತಗಡಿನ ಬೇಲಿ ಹಾಕಿದ ಒಂದು ಅಂಗಳ. ಕಾರ್ಖಾನೆಗಳು ಬಳಸಿ ಬಿಟ್ಟ ಕಬ್ಬಿಣದ ಪೀಪಾಯಿಗಳನ್ನು ತಂದು, ಕುದಿಯುವ ನೀರಿನಲ್ಲಿ ತೊಳೆದು, ಕುಲುಮೆಯಲ್ಲಿ ಸುಟ್ಟು, ಬಣ್ಣ ಹಚ್ಚಿ ಮತ್ತೆ ಮಾರುವ ಉದ್ಯಮ ಅದು. ಸ್ಟಾಫರ್ಡ್‌ನ ಕಿರಾಣಿ ಅಂಗಡಿಯಲ್ಲಿ ಸಿಕ್ಕ ಗೆಳತಿಯರು “ಅಯ್ಯೋ, ಆ ಏರಿಯಾಗೆ ಒಬ್ಳೇ ಡ್ರೈವ್ ಮಾಡ್ಕೊಂಡು ಹೋಗ್ತೀಯಾ?” ಎಂದು ಹುಬ್ಬೇರಿಸುತ್ತಿದ್ದರು. ನಾನು ಹೋಗುತ್ತಿದ್ದೆ. ಹೇಗೆ ಹೋಗುತ್ತಿದ್ದೆ ಎನ್ನುವುದೇ ನನ್ನ ಮೊದಲ ತಪ್ಪು.

ದೂರು ಬೆಳಿಗ್ಗೆ ಬಂದರೆ ನಾನು ತಲುಪುವ ಹೊತ್ತಿಗೆ ಮಧ್ಯಾಹ್ನ. ಕಾರಿನ ಎ.ಸಿ. ಹಾಕಿಕೊಂಡು, ಕಿಟಕಿ ಏರಿಸಿಕೊಂಡು, ಕೈಯಲ್ಲಿ ಕಾಫಿ ಹಿಡಿದು ಹೋಗುವುದು. ಬೀದಿಯಲ್ಲಿ ಇಳಿದು ಎರಡು ನಿಮಿಷ ನಿಲ್ಲುವುದು. ಗಾಳಿ ತಿರುಗಿರುತ್ತಿತ್ತು. ‘ವಾಸನೆ ಇಲ್ಲ’ ಎಂದು ಬರೆದು ಹಿಂದಿರುಗುವುದು. ಒಂದು ವರ್ಷ ಹೀಗೇ ನಡೆಯಿತು. ಅದೇ ವರ್ಷ ಉತ್ತರದ ಒಂದು ಶ್ರೀಮಂತ ಬಡಾವಣೆಯಿಂದ ತೋಟದ ಗೊಬ್ಬರದ ವಾಸನೆಯ ದೂರು ಬಂದಾಗ ನಮ್ಮ ಕಚೇರಿಯಿಂದ ಎರಡು ಕಾರುಗಳು ಒಂದು ಗಂಟೆಯೊಳಗೆ ಹೋಗಿದ್ದವು. ಒಂದನ್ನು ನಾನೇ ಓಡಿಸಿದ್ದೆ. ಈ ಎರಡನ್ನೂ ಜೋಡಿಸಿ ನೋಡಬೇಕೆಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವರು ಅರ್ನೆಸ್ಟೀನ್. ವಯಸ್ಸು ಎಪ್ಪತ್ತರ ಹತ್ತಿರ, ದಪ್ಪ ಮೈ, ಬಿಳಿ ಕ್ಯಾನ್ವಾಸ್ ಬೂಟು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಆ ಬೀದಿಯಿಂದ ಅತಿ ಹೆಚ್ಚು ದೂರು ಕೊಡುತ್ತಿದ್ದವರು ಅವರೇ. ಅವರ ಇಂಗ್ಲಿಷಿನ ರಾಗ, ಅದರ ಸಲಿಗೆ, ಅದರ ಗದರಿಕೆ ಯಾವತ್ತೂ ನನಗೆ ನಮ್ಮ ಹುಬ್ಬಳ್ಳಿಯ ಮಾತಿನ ಹಾಗೇ ಕೇಳಿಸಿದ್ದು. ಅದಕ್ಕೇ ಇಲ್ಲೂ ಹಾಗೇ ಬರೆಯುತ್ತೇನೆ.

ಒಂದು ದಿನ ನಾನು ಬೀದಿಯಲ್ಲಿ ನಿಂತು ಫಾರಂ ತುಂಬುತ್ತಿದ್ದಾಗ ಅವರು ಜಗಲಿಯಿಂದ ಕೂಗಿದರು.

“ಏ ತಂಗಿ, ಬಾ ಇಲ್ಲೆ. ಕೂಡು.”

ಕೂತೆ. ಅವರು ಒಳಗಿನಿಂದ ಒಂದು ಕಾಗದದ ಕಟ್ಟು ತಂದರು. ನಾನು ಬರೆದ ವರದಿಗಳು. ಅರ್ಜಿ ಹಾಕಿ ನಕಲು ತರಿಸಿಕೊಂಡಿದ್ದರು. ಕನ್ನಡಕ ಏರಿಸಿ ಒಂದೊಂದಾಗಿ ಓದತೊಡಗಿದರು.

“ವಾಸನೆ ಇಲ್ಲ. ಸಹಿ, ನೀಲಾ. ವಾಸನೆ ಇಲ್ಲ. ಸಹಿ, ನೀಲಾ. ಈ ದಿನ ನನ್ನ ಮೊಮ್ಮಗಳು ಸಾಲ್ಯಾಗ ವಾಂತಿ ಮಾಡಿಕೊಂಡಾಳ. ವಾಸನೆ ಇಲ್ಲ. ಸಹಿ, ನೀಲಾ.”

ಹತ್ತಿಪ್ಪತ್ತು ಕಾಗದ ಹಾಗೇ ಓದಿದರು. ದನಿ ಏರಿಸಲಿಲ್ಲ.

“ನೀ ಸುಳ್ಳು ಬರದಿ ಅಂತ ನಾ ಅನ್ನೂದಿಲ್ಲ,” ಎಂದರು ಕೊನೆಗೆ. “ನೀ ಬಂದಾಗ ಇರಲಿಲ್ಲ, ಖರೆ. ಆದರ ನೀ ಯಾವಾಗ ಬರ್ತಿ? ಅಂಗಳದವರು ಊಟಕ್ಕ ಕುಂತಾಗ ಬರ್ತಿ. ನಾವು ಇಲ್ಲೆ ಮೊದಲ ಬಂದೇವಿ, ಅವರು ಆಮ್ಯಾಲೆ ಬಂದಾರ. ಕೇಳೋರ್ ಇಲ್ಲದ ಜಾಗಾ ಅಂತ ತಿಳಕೊಂಡು ಬಂದಾರ. ಕೇಳೋಕಿ ಒಬ್ಬಾಕಿ ಅದಾಳ ಅಂತ ಬರಕೋ.”

ಆಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಕ್ಯಾಲೆಂಡರು ತೋರಿಸಿದರು. ಅಂತ್ಯಸಂಸ್ಕಾರ ಮಾಡಿಸುವ ಒಬ್ಬ ವ್ಯಾಪಾರಿ ಚರ್ಚಿನವರಿಗೆ ಪುಕ್ಕಟೆ ಹಂಚುವ ಕ್ಯಾಲೆಂಡರು ಅದು. ಒಂದೊಂದು ತಾರೀಕಿನ ಚೌಕದಲ್ಲೂ ಪೆನ್ಸಿಲ್ಲಿನ ಸಣ್ಣ ಅಕ್ಷರ. ಸೋಮವಾರ ಬೆಳ್ಳುಳ್ಳಿ. ಬುಧವಾರ ಕಳಿತ ಬಾಳೆಹಣ್ಣು, ಗಂಟಲು ಉರಿ. ಶುಕ್ರವಾರ ಬೂಟ್ ಪಾಲಿಶ್. ಭಾನುವಾರ ಹಳಸಿದ ಮೀನು, ಬಹಳ ಜೋರು, ಚರ್ಚಿನಲ್ಲಿ ಎಲ್ಲರಿಗೂ. ಹಿಂದಿನ ವರ್ಷಗಳ ಕ್ಯಾಲೆಂಡರುಗಳೂ ಬೀರುವಿನಲ್ಲಿದ್ದವು, ಎಲ್ಲವೂ ಹೀಗೇ ತುಂಬಿದ್ದವು.

ನಮ್ಮವ್ವ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಹೊಸ್ತಿಲಲ್ಲಿ ನಿಂತೇ, ಹಿಂದಿನ ಒಲೆಯ ಮೇಲೆ ಬೇಳೆ ತಳ ಹಿಡಿಯಿತೋ, ಎಣ್ಣೆ ಕಮಟಾಯಿತೋ ಹೇಳಿಬಿಡುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ. ನೂರಾರು ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದ ಹೆಂಗಸಿನ ಮೂಗನ್ನು ನಾನು ಹೇಗೆ ಅನುಮಾನಿಸಲಿ? ಒಂದು ಕ್ಯಾಲೆಂಡರನ್ನು ಕೇಳಿ ಪಡೆದು ಹ್ಯಾರಲ್ಡ್‌ನ ಮೇಜಿನ ಮೇಲಿಟ್ಟೆ.

ಅವನು ತಿರುವಿ ಹಾಕಿ ಅಡ್ಡಡ್ಡ ತಲೆಯಾಡಿಸಿದ. “ಇದೇ ಸಮಸ್ಯೆ ನೋಡು. ಒಂದೇ ಜಾಗದಿಂದ ಒಂದೇ ವಾಸನೆ ಬರಬೇಕು. ಬೆಳ್ಳುಳ್ಳಿ, ಬಾಳೆಹಣ್ಣು, ಮೀನು. ಇದು ಮಾಲಿನ್ಯವೋ, ಸಂತೆಯೋ? ಯಾವ ಜಡ್ಜ್ ನಂಬ್ತಾರೆ?”

ನನಗೂ ಉತ್ತರ ಗೊತ್ತಿರಲಿಲ್ಲ. ಆದರೆ ಒಂದು ಮಾತು ಹಿಡಿದುಕೊಂಡೆ: ಕ್ಯಾಲೆಂಡರಿನಲ್ಲಿ ಅತಿ ಜೋರು ಎಂದು ಬರೆದ ದಿನಗಳೆಲ್ಲ ಭಾನುವಾರಗಳು. ನಮ್ಮ ಕಚೇರಿ ಭಾನುವಾರ ಮುಚ್ಚಿರುತ್ತಿತ್ತು.

ಮುಂದಿನ ಭಾನುವಾರ ನಾನು ಹೊರಟಾಗ ನಮ್ಮ ಮನೆಯವರು ಗೊಣಗಿದರು, “ವಾರ ಪೂರ್ತಿ ದ ವುಡ್‌ಲ್ಯಾಂಡ್ಸ್‌ಗೆ ಆಫೀಸಿಗಂತ ಡ್ರೈವ್ ಮಾಡಿ ಸುಸ್ತಾಗಿರ್ತೀನಿ. ಐತವಾರ ಒಂದಿನ ಕೂಡಿ ಊಟ ಮಾಡೋಣಂದ್ರ ನಿಂದೂ ಡ್ಯೂಟೀನ?” ಡ್ಯೂಟಿ ಅಲ್ಲ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಹಂಗಾದ್ರ ಹೋಗಿ ಬಾ,” ಅಂದರು.

ಚರ್ಚಿನಲ್ಲಿ ಅರ್ನೆಸ್ಟೀನ್ ಅವರ ಪಕ್ಕದಲ್ಲಿ, ಎರಡನೇ ಸಾಲಿನಲ್ಲಿ ಕೂತೆ. ಕಿಟಕಿಗಳು ತೆರೆದಿದ್ದವು, ಹೆಂಗಸರು ದೊಡ್ಡ ಟೋಪಿ ಹಾಕಿದ್ದರು, ಎಲ್ಲರ ಕೈಯಲ್ಲೂ ರಟ್ಟಿನ ಬೀಸಣಿಗೆ. ಪಾದ್ರಿಗಳ ಪ್ರವಚನ ಅರ್ಧಕ್ಕೆ ಬಂದಿತ್ತು. ಪೂರ್ವದ ಕಿಟಕಿಯ ಪಕ್ಕದ ಸಾಲಿನಲ್ಲಿ ಬೀಸಣಿಗೆಗಳು ಒಮ್ಮೆಲೇ ವೇಗವಾಗಿ ಆಡತೊಡಗಿದವು. ಆಮೇಲೆ ಅದರ ಪಕ್ಕದ ಸಾಲು. ಆಮೇಲೆ ನಡುವಿನ ಸಾಲು. ಗಾಳಿ ಹೊಲದ ಮೇಲೆ ಹಾಯುವಂತೆ ಅದು ಸಾಲಿನಿಂದ ಸಾಲಿಗೆ ನಮ್ಮ ಕಡೆ ಬಂತು. ಬಂದು ನನ್ನ ಗಂಟಲಿಗೆ ಹತ್ತಿತು. ಬೆಳ್ಳುಳ್ಳಿ. ಒಗ್ಗರಣೆಯ ಬೆಳ್ಳುಳ್ಳಿಯಲ್ಲ, ಕಬ್ಬಿಣದ ಘಾಟು ಬೆರೆತ ಹಸಿ ಬೆಳ್ಳುಳ್ಳಿ. ಕಣ್ಣಲ್ಲಿ ನೀರು ಬಂತು. ಹಿಂದೆ ಒಂದು ಮಗು ಕೆಮ್ಮಿತು. ಪಾದ್ರಿಗಳು ಮಾತು ನಿಲ್ಲಿಸದೆ ಕೈಯಿಂದಲೇ ಕಿಟಕಿ ಮುಚ್ಚಲು ಸನ್ನೆ ಮಾಡಿದರು. ಎಷ್ಟು ವರ್ಷಗಳ ಅಭ್ಯಾಸವೋ ಅದು!

ಅರ್ನೆಸ್ಟೀನ್ ನನ್ನ ಕಡೆ ತಿರುಗಲಿಲ್ಲ. ಬೀಸಣಿಗೆಯ ಮರೆಯಲ್ಲಿ ಮೆಲ್ಲಗೆ ಕೇಳಿದರು: “ಬಂತೇನ?”

“ಬಂತ್ರೀ,” ಎಂದೆ. ಆ ದಿನ ಮೊದಲ ಬಾರಿಗೆ ‘ವಾಸನೆ ಇದೆ’ ಎಂದು ಬರೆದೆ.

ಚರ್ಚ್ ಬಿಟ್ಟ ಮೇಲೆ ಅವರು ನನ್ನನ್ನು ಎದುರು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಲೂಪೆ ಎಂಬ ಮೆಕ್ಸಿಕೋದ ಹೆಂಗಸು, ಅವಳ ಗಂಡ ರಮೀರೊ. ಅವನು ಕೆಲಸ ಮಾಡುತ್ತಿದ್ದದ್ದು ಅದೇ ಅಂಗಳದಲ್ಲಿ, ಪೀಪಾಯಿ ತೊಳೆಯುವ ಕಡೆ. ಇಂಗ್ಲಿಷ್ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಒಂದೇ ಜಾಗದಿಂದ ಬೇರೆ ಬೇರೆ ವಾಸನೆ ಹೇಗೆ ಬರುತ್ತದೆ ಎಂದು ಕೇಳಿದೆ. ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದ.

“ಪೀಪಾಯಿ ದಿನಾ ಬೇರೆ,” ಎಂದ. “ಇವತ್ತು ಹುಳದ ಔಷಧಿ ಪೀಪಾಯಿ. ನಾಳೆ ಬಣ್ಣದ್ದು. ನಾಡಿದ್ದು ಅಂಟಿನದ್ದು. ತಳದಲ್ಲಿ ಉಳಿದದ್ದು ಎಲ್ಲಾ ಬಿಸಿ ನೀರಿಗೆ. ಆವಿ ಮೇಲೆ. ಕೆಟ್ಟ ಪೀಪಾಯಿಗೆ ಭಾನುವಾರ.”

ನನಗೆ ಅಲ್ಲಿಯೇ ಎದ್ದು ಕುಣಿಯಬೇಕು ಅನ್ನಿಸಿತು. ಹ್ಯಾರಲ್ಡ್ ಯಾವುದನ್ನು ಸಂತೆ ಎಂದನೋ ಅದೇ ಸಾಕ್ಷಿಯಾಗಿತ್ತು! ಸೋಮವಾರ ಬೆಳಿಗ್ಗೆ ಉತ್ಸಾಹದಿಂದ ನಾಲ್ಕು ಪುಟದ ವರದಿ ಬರೆದೆ. ಅದರಲ್ಲಿ ಒಂದು ಸಾಲು: “ಇದೇ ಬೀದಿಯಲ್ಲಿ ವಾಸವಿರುವ, ಅಂಗಳದಲ್ಲಿ ಕೆಲಸ ಮಾಡುವ ಒಬ್ಬರು ತಿಳಿಸಿದ ಪ್ರಕಾರ.” ಹೆಸರು ಬರೆಯಲಿಲ್ಲ. ಜಾಣೆ ಎಂದುಕೊಂಡೆ.

ನಮ್ಮ ವರದಿಗಳನ್ನು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಅರ್ನೆಸ್ಟೀನ್ ತರಿಸಿಕೊಂಡ ಹಾಗೆಯೇ ಅಂಗಳದ ವಕೀಲರೂ ತರಿಸಿಕೊಂಡರು. ಆ ಬೀದಿಯಲ್ಲಿ ವಾಸವಿದ್ದು ಅಂಗಳದಲ್ಲಿ ಕೆಲಸ ಮಾಡುತ್ತಿದ್ದವನು ರಮೀರೊ ಒಬ್ಬನೇ. ಎರಡು ವಾರದೊಳಗೆ ಅವನ ಕೆಲಸ ಹೋಯಿತು.

ಸುದ್ದಿ ಕೇಳಿದ ದಿನ ಆ ವರದಿ ಹಿಡಿದು ಮೇಲಧಿಕಾರಿಯ ಮುಂದೆ ನಿಂತೆ. ಹ್ಯಾರಲ್ಡ್‌ನಿಂದ ಬೈಗುಳ ನಿರೀಕ್ಷಿಸಿದ್ದೆ. ಅವನು ವರದಿಯ ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದ: “ಏನು ಬರೀಬೇಕು ಅಂತ ಎಲ್ಲರೂ ಯೋಚಿಸ್ತಾರೆ. ಯಾರು ಓದ್ತಾರೆ ಅಂತ ಯೋಚಿಸಿ ಬರಿ.” ಹೊಸದಾಗಿ ಸೇರುವ ಮಕ್ಕಳೇ, ಇಡೀ ವೃತ್ತಿಜೀವನದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪಾಠ ಇದು. ಕಲಿತದ್ದು ಮಾತ್ರ ಬೇರೆಯವರ ಮನೆಯ ಅನ್ನ ಕಳೆದು.

ಕ್ಷಮೆ ಕೇಳಲು ಹೋದೆ. ಲೂಪೆ ಜಾಲರಿ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಹೇಳಿದಳು: “ನೀವು ಬರೀತೀರಿ, ಮನೆಗೆ ಹೋಗ್ತೀರಿ. ನಮ್ಮ ಮನೆ ಇಲ್ಲೇ.” ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಎದುರು ಮನೆಯಿಂದ ಅರ್ನೆಸ್ಟೀನ್ ನಡೆದು ಬಂದರು.

“ಅತ್ತರ ಕೆಲಸ ಸಿಗೂದಿಲ್ಲ, ಏಳು,” ಎಂದು ನನಗೆ ಗದರಿ, ಜಾಲರಿ ಬಾಗಿಲು ತಟ್ಟಿದರು. “ಲೂಪೆ, ನಮ್ಮ ಹಳೇ ಸಾಲ್ಯಾಗ ಕಾವಲುಗಾರ ಬೇಕಂತ. ಅಲ್ಲಿ ಹೆಡ್‌ಮಾಸ್ತರ್ ಸಣ್ಣಾವ ಇದ್ದಾಗ ನನ್ನ ಕೈಯಾಗ ಉಂಡಾನ. ನಾಳೆ ನಿನ್ನ ಗಂಡನ್ನ ಕಳಸು.”

ರಮೀರೊನಿಗೆ ಆ ಕೆಲಸ ಸಿಕ್ಕಿತು. ಲೂಪೆ ನನ್ನೊಂದಿಗೆ ಮಾತಾಡಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅದು ನ್ಯಾಯವೇ.

ಅದೇ ಹೊತ್ತಿಗೆ ಅಂಗಳದ ಪರವಾನಗಿ ಮುಗಿಯುತ್ತ ಬಂದಿತ್ತು. ನವೀಕರಣಕ್ಕೆ ಅವರು ಆಸ್ಟಿನ್ನಿನಲ್ಲಿರುವ ರಾಜ್ಯದ ಕಚೇರಿಗೆ ಅರ್ಜಿ ಹಾಕಿದರು. ಜೊತೆಗೆ ಎರಡನೇ ಕುಲುಮೆಗೂ ಅನುಮತಿ ಕೇಳಿದ್ದರು. ಅರ್ನೆಸ್ಟೀನ್ ಚರ್ಚಿನಲ್ಲಿ ಸಭೆ ಕರೆದು, ಬೀದಿಯವರೆಲ್ಲರ ಸಹಿ ಹಾಕಿಸಿ, ವಿಚಾರಣೆ ಬೇಕೆಂದು ಬರೆದರು. ಉಚಿತವಾಗಿ ವಾದಿಸಲು ಆಸ್ಟಿನ್ನಿನ ಒಬ್ಬ ವಕೀಲೆ ಒಪ್ಪಿದರು. ಅವರು ಕಾಗದಪತ್ರ ನೋಡಿ ನನಗೆ ಹೇಳಿದರು: “ನಿಮ್ಮ ಮೂಗು ಒಂದು ಭಾನುವಾರದ ಸಾಕ್ಷಿ. ನನಗೆ ಹತ್ತು ಭಾನುವಾರ ಬೇಕು, ಅದೂ ಗಾಳಿಯ ಸಮೇತ.”

ಗಾಳಿ ಹಿಡಿಯಲು ನಮ್ಮಲ್ಲಿ ಹೊಸದಾಗಿ ಸ್ಟೀಲಿನ ಗುಂಡುಗಳು ಬಂದಿದ್ದವು. ಕಲ್ಲಂಗಡಿಯಷ್ಟು ದಪ್ಪ, ಒಳಗೆ ಗಾಳಿಯೇ ಇಲ್ಲ. ಮೇಲಿನ ತಿರುಪು ತಿರುಗಿಸಿದರೆ ಹೊರಗಿನ ಗಾಳಿಯನ್ನು ಬುಸ್ಸೆಂದು ಎಳೆದುಕೊಳ್ಳುತ್ತದೆ. ಮುಚ್ಚಿ ಲ್ಯಾಬಿಗೆ ಕಳಿಸಿದರೆ ಯಾವ ರಾಸಾಯನಿಕ ಎಷ್ಟಿದೆ ಎಂದು ಅವರು ಹೇಳುತ್ತಾರೆ. ಆದರೆ ನಾನು ಹೋಗುವಷ್ಟರಲ್ಲಿ ಗಾಳಿ ತಿರುಗಿದರೆ ಗುಂಡು ಇದ್ದೂ ಏನು ಪ್ರಯೋಜನ? ಅದನ್ನು ಅರ್ನೆಸ್ಟೀನ್ ಅವರ ಮನೆಯಲ್ಲೇ ಇಡಬೇಕು ಎಂದು ಹ್ಯಾರಲ್ಡ್‌ನನ್ನು ಕೇಳಿದೆ. ಆಗುವುದಿಲ್ಲ ಎನ್ನುತ್ತಾನೆಂದೇ ಅಂದುಕೊಂಡಿದ್ದೆ. ಅವನು ನಿಯಮದ ಪುಸ್ತಕ ಎಳೆದುಕೊಂಡು, ಒಂದು ಪುಟವನ್ನು ಮೂರು ಸಲ ಓದಿದ.

“ಇಲ್ಲಿ ‘ತರಬೇತಿ ಪಡೆದ ವ್ಯಕ್ತಿ’ ಅಂತಿದೆ,” ಎಂದ ನಿಧಾನವಾಗಿ. “ಇನ್ಸ್‌ಪೆಕ್ಟರ್ ಅಂತ ಇಲ್ಲ. ಆ ಅಮ್ಮನಿಗೆ ತರಬೇತಿ ಕೊಡು. ಸಹಿ ನಾನು ಹಾಕ್ತೀನಿ.”

ಅಷ್ಟು ವರ್ಷ ನಮಗೆ ಅಡ್ಡ ನಿಂತಿದ್ದ ಪುಸ್ತಕ ಆ ದಿನ ನಮ್ಮ ಪರ ನಿಂತಿತು. ಪುಸ್ತಕ ಓದುವ ಅಧಿಕಾರಿಯನ್ನು ದ್ವೇಷಿಸಬೇಡಿ. ಓದದೆ ಹೇಳುವವನಿಗಿಂತ ಅವನು ಮೇಲು.

ಚರ್ಚಿನ ಸಣ್ಣ ಹಾಲಿನಲ್ಲಿ ಏಳು ಹೆಂಗಸರಿಗೆ ನಾನು ತರಬೇತಿ ಕೊಟ್ಟೆ. ಗುಂಡನ್ನು ಎಲ್ಲಿಡಬೇಕು, ಯಾವಾಗ ತಿರುಗಿಸಬೇಕು, ಚೀಟಿಯಲ್ಲಿ ತಾರೀಕು ಗಂಟೆ ಹೇಗೆ ಬರೆಯಬೇಕು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಇಬ್ಬರೂ ಹೇಗೆ ಸಹಿ ಮಾಡಬೇಕು. ಅರ್ನೆಸ್ಟೀನ್ ಅವರಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. “ಸಾಲಿಗೆ ಬಂದ ಹಾಲಿನ ಕ್ಯಾನಿಗೂ ಇದ ನೇಮ ಇತ್ತು,” ಎಂದರು. ಏಳನೆಯ ಹೆಂಗಸು ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಲೂಪೆ. ನನ್ನ ಮುಖ ನೋಡದೆ ಗುಂಡು ತೆಗೆದುಕೊಂಡಳು. ಆದರೆ ತೆಗೆದುಕೊಂಡಳು.

ಆ ಬೇಸಿಗೆಯೆಲ್ಲ ಅವರು ಗಾಳಿ ಹಿಡಿದರು. ಇತ್ತ ವಕೀಲೆ ಅಂಗಳದವರಿಂದ ಪೀಪಾಯಿಗಳ ರಿಜಿಸ್ಟರನ್ನು ತರಿಸಿದರು. ಯಾವ ದಿನ ಯಾವ ಕಾರ್ಖಾನೆಯಿಂದ, ಏನು ತುಂಬಿದ್ದ ಪೀಪಾಯಿ ಬಂತೆಂದು ಬರೆದಿಡುವುದು ಕಾನೂನು. ನಾನು ಅರ್ನೆಸ್ಟೀನ್ ಅವರ ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ರಿಜಿಸ್ಟರು, ಇನ್ನೊಂದು ಕಡೆ ಕ್ಯಾಲೆಂಡರು, ನಡುವೆ ಲ್ಯಾಬಿನ ವರದಿ ಇಟ್ಟುಕೊಂಡು ಕೂತೆ. ಅವರು ತಾರೀಕು ಹೇಳಿ ಓದಿದರು: “ಬೆಳ್ಳುಳ್ಳಿ.” ನಾನು ರಿಜಿಸ್ಟರಿನಲ್ಲಿ ನೋಡಿದೆ: ಕೀಟನಾಶಕ. “ಬಾಳೆಹಣ್ಣು.” ಬಣ್ಣ ತೆಳು ಮಾಡುವ ದ್ರಾವಕ. “ಮೀನು.” ಅಂಟು ತಯಾರಿಸುವ ಕಾರ್ಖಾನೆಯ ಪೀಪಾಯಿ. ಒಂದು, ಎರಡು, ಹತ್ತು. ನಾನು ಬೆರಳಿಟ್ಟಲ್ಲೇ ಓದುವುದನ್ನು ನಿಲ್ಲಿಸಿದೆ. ಅರ್ನೆಸ್ಟೀನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಮುಂದ ಓದು ಮಗಳ, ನಿಲ್ಲಸಬ್ಯಾಡ,” ಎಂದರು.

ವಿಚಾರಣೆಗೆ ಚರ್ಚಿನ ಬಸ್ಸಿನಲ್ಲಿ ಎಲ್ಲರೂ ಆಸ್ಟಿನ್ನಿಗೆ ಹೋದೆವು. ಹೊರಟದ್ದು ನಸುಕಿನಲ್ಲಿ. ದಾರಿಯುದ್ದಕ್ಕೂ ಕೋಳಿ ಕರಿದದ್ದು, ಲೂಪೆ ಮಾಡಿದ ಮೆಕ್ಕೆಜೋಳದ ಕಡುಬಿನಂಥ ತಮಾಲೆ, ನಾನು ಕಟ್ಟಿಕೊಂಡು ಹೋದ ಮೊಸರನ್ನ. ಕೋಣೆ ತುಂಬ ಎ.ಸಿ., ಮೆತ್ತನೆಯ ನೆಲಹಾಸು. ನ್ಯಾಯಾಧೀಶೆ ನಡುವಯಸ್ಸಿನ ಗಂಭೀರ ಹೆಂಗಸು. ಅಂಗಳದ ವಕೀಲ ಚುರುಕಿನವನು. ಅರ್ನೆಸ್ಟೀನ್ ಸಾಕ್ಷಿಯ ಕುರ್ಚಿಯಲ್ಲಿ ಕೂತಾಗ ಅವನು ನಗುನಗುತ್ತಲೇ ಕೇಳಿದ:

“ಮೇಡಂ, ನೀವು ಕೆಮಿಸ್ಟ್ರಿ ಓದಿದ್ದೀರಾ?”

“ಇಲ್ರೀ. ಸಾಲಿ ಅಡಿಗಿಮನ್ಯಾಗ ದುಡದೀನಿ. ಹುಡುಗರ ತಾಟಿಗೆ ಹಾಕೂ ಮೊದಲ ಹಾಲು ಕೆಟ್ಟೈತೋ ಇಲ್ಲೋ, ಮಾಂಸ ಕೆಟ್ಟೈತೋ ಇಲ್ಲೋ, ಮೂಸಿ ಹೇಳೂದು ನನ್ನ ಕೆಲಸ ಇತ್ತು. ನನ್ನ ಕೈಯಾಗ ಉಂಡು ಒಂದು ಕೂಸೂ ಜಡ್ಡು ಬಿದ್ದಿಲ್ಲ.”

“ಸರಿ. ಒಂದಿನ ಬೆಳ್ಳುಳ್ಳಿ, ಒಂದಿನ ಬಾಳೆಹಣ್ಣು, ಒಂದಿನ ಮೀನು ಅಂತ ಬರೆದಿದ್ದೀರಿ. ಒಂದೇ ಅಂಗಳದಿಂದ ಇಷ್ಟೆಲ್ಲಾ ವಾಸನೆ ಬರೋದು ಸಾಧ್ಯ ಅಂತ ನಿಮಗೇ ಅನ್ಸುತ್ತಾ?”

“ಅದನ್ನ ನಾನೂ ನಿಮ್ಮನ್ನ ಕೇಳಬೇಕಂತಿದ್ದೆ,” ಎಂದರು ಅರ್ನೆಸ್ಟೀನ್. “ನಿಮ್ಮ ಪೀಪ್ಯಾಗ ಏನೇನ ಇತ್ತ್ರೀ?”

ಕೋಣೆಯಲ್ಲಿ ಯಾರೋ ನಕ್ಕರು. ನ್ಯಾಯಾಧೀಶೆ ನಗಲಿಲ್ಲ, ಆದರೆ ಪೆನ್ನು ಕೈಗೆತ್ತಿಕೊಂಡರು. ನಮ್ಮ ವಕೀಲೆ ಆಗ ಎದ್ದು ರಿಜಿಸ್ಟರು, ಕ್ಯಾಲೆಂಡರು, ಲ್ಯಾಬಿನ ವರದಿ ಮೂರನ್ನೂ ಪಕ್ಕಪಕ್ಕ ಇಟ್ಟರು. ಮೂರೂ ಒಂದೇ ಮಾತು ಹೇಳುತ್ತಿದ್ದವು.

ಮಧ್ಯಾಹ್ನ ರಮೀರೊನ ಸರದಿ. ದುಭಾಷಿಯನ್ನು ಕರೆಸಲು ಯಾರೂ ವ್ಯವಸ್ಥೆ ಮಾಡಿರಲಿಲ್ಲ. ಅವನ ಅರ್ಧಂಬರ್ಧ ಇಂಗ್ಲಿಷಿನಲ್ಲೇ ಮುಗಿಸಿಬಿಡೋಣ ಎಂದ ಅಂಗಳದ ವಕೀಲ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು, “ದುಭಾಷಿ ಬರೋವರೆಗೂ ನಾವೆಲ್ಲಾ ಇಲ್ಲೇ ಕೂತಿರ್ತೀವಿ,” ಎಂದರು. ಕೂತೆವು. ಎರಡು ಗಂಟೆ ಕಳೆದ ಮೇಲೆ ದುಭಾಷಿ ಬಂದಳು. ರಮೀರೊ ತನ್ನ ಭಾಷೆಯಲ್ಲಿ, ತಲೆಯೆತ್ತಿ, ಯಾವ ವಾರ ಏನು ತೊಳೆದೆ ಎಂದು ಹೇಳಿದ.

“ಕೆಲಸ ಹೋದ ಸಿಟ್ಟಿಗೆ ಹೀಗೆ ಹೇಳ್ತಿದ್ದೀರಿ, ಅಲ್ಲವಾ?” ಎಂದು ವಕೀಲ ಕೇಳಿದ.

“ಸಿಟ್ಟು ಇದೆ,” ಎಂದ ರಮೀರೊ. “ಆದರೆ ಆ ರಿಜಿಸ್ಟರು ಬರೆದದ್ದು ನಾನಲ್ಲ. ಅವರೇ.”

ಹಿಂದಿರುಗುವ ಬಸ್ಸಿನಲ್ಲಿ ಲೂಪೆ ನನ್ನ ಪಕ್ಕದ ಸೀಟಿಗೆ ಬಂದು ಕೂತಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಹ್ಯೂಸ್ಟನ್ ಬರುವವರೆಗೆ ನಾನು ಅಲುಗಾಡಲಿಲ್ಲ.

ತೀರ್ಪು ಬರಲು ತಿಂಗಳುಗಳಾದವು. ಅಷ್ಟರಲ್ಲಿ ಕ್ಯಾಲೆಂಡರಿನ ಸುದ್ದಿ ಡಾಲಸ್‌ಗೂ ಮುಟ್ಟಿ, ಅಲ್ಲಿನ ಒಂದು ಬಡಾವಣೆಯವರು ಅರ್ನೆಸ್ಟೀನ್ ಅವರನ್ನು ಕರೆದರು. ಅವರ ಬೀದಿಯ ಕೊನೆಯಲ್ಲಿ ಡಾಂಬರು ಕಾಯಿಸುವ ಕಾರ್ಖಾನೆ ಇತ್ತು. ನಾನು ರಜೆ ಹಾಕಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಉಳಿದುಕೊಂಡದ್ದು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ, ನನ್ನ ಜೊತೆ ಧಾರವಾಡದಲ್ಲಿ ಓದಿದ ವಿಜಯಾಳ ಮನೆಯಲ್ಲಿ. ಅವಳು ಫೋನಿನಲ್ಲಿ ಸ್ವಲ್ಪ ಅಳುಕಿದ್ದಳು: “ಅವರಿಗೆ ನಮ್ಮ ಊಟ ಸೇರ್ತದೇನ? ಏನ್ ಮಾತಾಡೂದು?” ನಾವು ಹೋದ ದಿನವೇ ಅರ್ನೆಸ್ಟೀನ್ ಅಡುಗೆಮನೆಗೆ ನುಗ್ಗಿ, ಅವಳ ಬದನೆಕಾಯಿ ಎಣಗಾಯಿಯ ಬಾಣಲೆಯ ಮೇಲೆ ಬಗ್ಗಿ ಮೂಸಿ, “ಸೇಂಗಾ ಒಂದೀಟು ಹೆಚ್ಚು ಹುರದಿ ನೋಡ,” ಎಂದರು. ವಿಜಯಾ ಬೆಪ್ಪಾದಳು. ಮಾತು ಖರೆ ಇತ್ತು. ಆಮೇಲೆ ಇಬ್ಬರನ್ನೂ ಬೇರ್ಪಡಿಸುವುದೇ ಕಷ್ಟವಾಯಿತು.

ಮರುದಿನ ಡಾಲಸ್‌ನ ಶಾಲೆಯೊಂದರ ಹಾಲಿನಲ್ಲಿ ಕ್ಯಾಲೆಂಡರನ್ನು ಎತ್ತಿ ಹಿಡಿದು ಅವರು ಹೇಳಿದ್ದು ಇಷ್ಟೇ: “ಇನ್ಸ್‌ಪೆಕ್ಟರ್ ಬರ್ಲಿ ಅಂತ ಕಾಯಬ್ಯಾಡ್ರಿ. ಪೆನ್ಸಿಲ್ ತಗೋರ್ರಿ. ದಿನಾ ಬರೀರಿ. ವಾಸನೆ ಇಲ್ಲದ ದಿನಾನೂ ಬರೀರಿ, ಅಂದ್ರ ಇದ್ದ ದಿನದ ಮಾತು ನಂಬ್ತಾರ.” ಇದನ್ನು ಯಾವ ಟ್ರೈನಿಂಗಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಅದರ ಮರುದಿನ ಬೆಳಿಗ್ಗೆ ವಿಜಯಾಳ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ನನ್ನ ಫೋನ್ ರಿಂಗಾಯಿತು. ಹ್ಯಾರಲ್ಡ್. ರಜೆಯಲ್ಲಿದ್ದವರಿಗೆ ಎಂದೂ ಫೋನ್ ಮಾಡದ ಮನುಷ್ಯ.

“ಆ ಅಮ್ಮ ಅಲ್ಲಿದ್ದಾರಾ?” ಎಂದ. “ಅವರಿಗೇ ಕೊಡು. ನಾನು ಅವರಿಗೇ ಓದಿ ಹೇಳ್ಬೇಕು.”

ಅರ್ನೆಸ್ಟೀನ್ ಫೋನ್ ಕಿವಿಗೆ ಹಿಡಿದು ಕೇಳಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. “ಇನ್ನೊಮ್ಮೆ ಓದ್ರಿ,” ಎಂದರು. ಕೇಳಿದರು. “ಮತ್ತೊಮ್ಮೆ ಓದ್ರಿ.” ಮೂರನೆಯ ಸಲ ಕೇಳಿ ಮುಗಿಸಿ ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಮೇಲೆತ್ತಿ ಆ ಮನೆಯ ಸೂರು ಹಾರಿಹೋಗುವ ಹಾಗೆ ಒಂದು ಕೂಗು ಹಾಕಿದರು. ನವೀಕರಣವಿಲ್ಲ. ಎರಡನೇ ಕುಲುಮೆಗೂ ಇಲ್ಲ. ಅಂಗಳ ಮುಚ್ಚಬೇಕು. ವಿಜಯಾ ಒಲೆಯ ಮುಂದಿನಿಂದ ಓಡಿಬಂದಳು. ಮೂವರೂ ತಬ್ಬಿಕೊಂಡು, ಯಾವ ಭಾಷೆಯಲ್ಲಿ ಅಳುತ್ತಿದ್ದೇವೆಂದು ಗೊತ್ತಾಗದಂತೆ ಅತ್ತೆವು, ನಕ್ಕೆವು. ಮಹಡಿಯಿಂದ ಇಳಿದು ಬಂದ ವಿಜಯಾಳ ಮಗಳು ಇಂಗ್ಲಿಷಿನಲ್ಲಿ “ಯಾರಿಗೆ ಮಗು ಹುಟ್ಟಿತು?” ಎಂದು ಕೇಳಿದಳು.

ಅಂಗಳ ಒಂದೇ ದಿನದಲ್ಲಿ ಮುಚ್ಚಲಿಲ್ಲ. ಮೇಲ್ಮನವಿ, ಗಡುವು, ಮತ್ತೊಂದು ಗಡುವು ಎಲ್ಲ ಆಯಿತು. ಕೊನೆಗೆ ಕುಲುಮೆ ಆರಿತು, ಪೀಪಾಯಿಗಳು ಲಾರಿಗಳಲ್ಲಿ ಹೋದವು. ಮುಕ್ತಾಯದ ತಪಾಸಣೆ ಮಾಡಿ ವರದಿ ಬರೆಯಲು ಹ್ಯಾರಲ್ಡ್ ನನ್ನನ್ನೇ ಕಳಿಸಿದ. ದೂರುದಾರರ ಪ್ರತಿನಿಧಿ ಹಾಜರಿರಬಹುದು ಎಂದು ಆದೇಶದಲ್ಲಿಯೇ ಇತ್ತು. ಅರ್ನೆಸ್ಟೀನ್ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಬಂದರು. ಅಷ್ಟು ವರ್ಷ ಬೇಲಿಯ ಹೊರಗಿನಿಂದಲೇ ನೋಡಿದ ಜಾಗದೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಒಂದೊಂದು ಮೂಲೆಯನ್ನೂ ನಿಧಾನವಾಗಿ ನಡೆದು ನೋಡಿದರು. ಆರಿದ ಕುಲುಮೆಯ ಕಬ್ಬಿಣವನ್ನು ಕೈಯಿಂದ ಮುಟ್ಟಿ ನೋಡಿದರು. ತಣ್ಣಗಿತ್ತು.

ತೊಳೆಯುವ ಕಟ್ಟೆಯ ಹತ್ತಿರ ನಿಂತರು. ಅಲ್ಲಿ ನೆಲ ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಅವರು ಬೂಟಿನ ತುದಿಯಿಂದ ಮಣ್ಣನ್ನು ಸ್ವಲ್ಪ ಕೆದರಿದರು, ಬಗ್ಗಿ ನೋಡಿದರು, ನೆಟ್ಟಗಾಗಿ ಟೋಪಿ ಸರಿಮಾಡಿಕೊಂಡರು.

“ಗಾಳಿ ಆತು,” ಎಂದರು. “ಇನ್ನ ಮಣ್ಣು. ನಾಳೆ ಎಷ್ಟಕ್ಕ ಬರ್ತಿ?”

ಎಂಟಕ್ಕೆ ಎಂದೆ. ನಾನು ತಲುಪಿದಾಗ ಗೇಟಿನ ಮುಂದೆ ಅವರು, ಲೂಪೆ, ರಮೀರೊ ಮೂವರೂ ನಿಂತಿದ್ದರು, ಕೈಯಲ್ಲಿ ಸಲಿಕೆ ಹಿಡಿದು.